ಸೀರಿಯಲ್ ಪೋರ್ಟಿನ ವೇಗ 1,15,200ಕ್ಕೇ ನಿಲ್ಲಬೇಕಿಲ್ಲ

ಸಾಮಾನ್ಯ ಡೆಸ್ಕ್‌ಟಾಪಿನ ಸೀರಿಯಲ್ ಪೋರ್ಟಿಗೆ (ಮಾಹಿತಿಯನ್ನು ಒಂದೊಂದೇ ಬಿಟ್ಟಾಗಿ ಸಾಗಿಸುವ ಕಿಂಡಿಗೆ) ಸೆಕೆಂಡಿಗೆ 1,15,200 ಬಿಟ್‌ಗಳೇ ಗರಿಷ್ಠ ವೇಗ ಎಂಬುದನ್ನು ಎಲೆಕ್ಟ್ರಾನಿಕ್ಸ್ ಓದಿದವರೂ ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ. ಆದರೆ ಆ ಸಂಖ್ಯೆ ಪ್ರೊಸೆಸರಿನ ಶಕ್ತಿಯಿಂದ ಬಂದದ್ದಲ್ಲ, ಕೇಬಲಿನಿಂದಲೂ ಬಂದದ್ದಲ್ಲ. 1981ರ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿ ಬಿಟ್‌ಗಳನ್ನು ಕಳಿಸಿ ಸ್ವೀಕರಿಸುವ 8250 ಚಿಪ್ಪಿಗೆ ಕ್ಲಾಕ್ ಒದಗಿಸಲು 1.8432 ಮೆಗಾಹರ್ಟ್ಸ್ ಕ್ರಿಸ್ಟಲ್ ಜೋಡಿಸಿದ್ದರು. ಒಂದೊಂದು ಬಿಟ್ಟಿಗೂ ಹದಿನಾರು ಕ್ಲಾಕ್ ಪಲ್ಸ್ ಬೇಕಾದ್ದರಿಂದ, ಈ ಕ್ಲಾಕನ್ನು ಭಾಗಿಸಿ ವೇಗ ನಿರ್ಧರಿಸುವ ಭಾಜಕವನ್ನು 1ಕ್ಕೆ ಇಳಿಸಿದರೂ ಅದಕ್ಕಿಂತ ಮೇಲೆ ಹೋಗಲು ದಾರಿಯಿರಲಿಲ್ಲ. ಹಳೆಯ ಸಾಫ್ಟ್‌ವೇರ್ ಕೆಡಬಾರದೆಂದು ಅದೇ ಲೆಕ್ಕ ಮುಂದುವರಿಯಿತು.

ಮದರ್‌ಬೋರ್ಡಿನ ಮೇಲಿರುವ ಸೂಪರ್ ಐ/ಓ ಚಿಪ್ಪುಗಳಲ್ಲಿ (ಸೀರಿಯಲ್ ಪೋರ್ಟಿನಂಥ ಹಳೆಯ ಪೋರ್ಟುಗಳನ್ನು ನಿಭಾಯಿಸುವ ಚಿಪ್ಪುಗಳಲ್ಲಿ) ಹಲವು ಇದಕ್ಕಿಂತ ಬಹಳ ವೇಗವಾಗಿ ಕೆಲಸ ಮಾಡಬಲ್ಲವು. ವಿನ್‌ಬಾಂಡ್ ಡಬ್ಲ್ಯೂ83627ಎಚ್‌ಎಫ್ ಚಿಪ್ 24 ಮೆಗಾಹರ್ಟ್ಸನ್ನು 13ರಿಂದ ಭಾಗಿಸಿ ಹಳೆಯ ಕ್ಲಾಕಿಗೆ ತೀರಾ ಹತ್ತಿರದ 1.846 ಮೆಗಾಹರ್ಟ್ಸ್ ಪಡೆಯುತ್ತದೆ. ಅದರ ಒಂದು ಕಾನ್ಫಿಗರೇಶನ್ ರಿಜಿಸ್ಟರಿನಲ್ಲಿ ಎರಡು ಬಿಟ್ ಬದಲಿಸಿದರೆ ಈ 13ರ ಬದಲು ಭಾಜಕ 1.625 ಆಗಿ, ಕ್ಲಾಕ್ ಎಂಟು ಪಟ್ಟು ಹೆಚ್ಚಿ, 9,21,600ಕ್ಕೆ ಶೇ. 0.16ರಷ್ಟೇ ವ್ಯತ್ಯಾಸದ ವೇಗ ದೊರೆಯುತ್ತದೆ. ಆಗ ಲಿನಕ್ಸಿನಲ್ಲಿ ಸೆಟ್‌ಸೀರಿಯಲ್ ಎಂಬ ಆಜ್ಞೆಯ ಮೂಲಕ ಬಾಡ್ ಬೇಸ್ (ಪೋರ್ಟಿನ ಭಾಜಕ 1 ಆಗಿದ್ದಾಗಿನ ವೇಗ) 9,21,600 ಎಂದು ತಿಳಿಸಲೇಬೇಕು. ತಿಳಿಸದಿದ್ದರೆ ನಾವು 9,600 ಕೇಳಿದಾಗಲೂ ಪೋರ್ಟ್ ಅದರ ಎಂಟು ಪಟ್ಟು ವೇಗದಲ್ಲಿ ಓಡುತ್ತದೆ. ಇನ್ನು ಕೆಲವು ಚಿಪ್ಪುಗಳಲ್ಲಿ ಪೋರ್ಟಿನ ಭಾಜಕದ ಜಾಗದಲ್ಲಿ ವಿಶೇಷ ಸಂಕೇತವಾಗಿ 32770 ಬರೆದರೆ 2,30,400, 32769 ಬರೆದರೆ 4,60,800 ಬರುತ್ತದೆ. ಗ್ರಾಹಕರು ಹಣ ಕೊಟ್ಟು ಕೊಂಡ ಈ ಸಾಮರ್ಥ್ಯವನ್ನು ಬಯೋಸ್ ಮೆನುವಿನಲ್ಲಿ ಒಂದು ಸಾಲಾಗಿಯೂ ತೋರಿಸದ ಮದರ್‌ಬೋರ್ಡ್ ತಯಾರಕರ ಧೋರಣೆ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಚಿಪ್ ಒಪ್ಪಿದ ಮಾತ್ರಕ್ಕೆ ತಂತಿ ಒಪ್ಪುತ್ತದೆ ಎನ್ನುವಂತಿಲ್ಲ. ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ 75232 ಮಾದರಿಯ ಲೈನ್ ಡ್ರೈವರುಗಳಿಗೆ (ತಂತಿಗೆ ಬೇಕಾದ ವೋಲ್ಟೇಜ್ ಕೊಡುವ ಚಿಪ್ಪುಗಳಿಗೆ) ತಯಾರಕರು ಹೇಳಿರುವ ವೇಗ ಸೆಕೆಂಡಿಗೆ 120 ಕಿಲೋಬಿಟ್ ಮಾತ್ರ. ಸೀರಿಯಲ್ ಪೋರ್ಟಿನ ವಿದ್ಯುತ್ ಸಂಕೇತಗಳಿಗೆ ನಿಯಮ ಹಾಕುವ ಆರ್‌ಎಸ್-232 ಮಾನದಂಡದ ಪ್ರಕಾರ ವೋಲ್ಟೇಜ್ ಮೈಕ್ರೋಸೆಕೆಂಡಿಗೆ 30 ವೋಲ್ಟಿಗಿಂತ ವೇಗವಾಗಿ ಬದಲಾಗುವಂತಿಲ್ಲ. ಹಾಗಾಗಿ ಮೈನಸ್ 9ರಿಂದ ಪ್ಲಸ್ 9 ವೋಲ್ಟಿಗೆ ಏರಲು ಕನಿಷ್ಠ 0.6 ಮೈಕ್ರೋಸೆಕೆಂಡ್ ಬೇಕು. 9,21,600 ವೇಗದಲ್ಲಿ ಒಂದು ಬಿಟ್ಟಿನ ಇಡೀ ಅವಧಿಯೇ ಸುಮಾರು 1.08 ಮೈಕ್ರೋಸೆಕೆಂಡ್ ಆಗಿರುವಾಗ, ಅದರ ಅರ್ಧಕ್ಕಿಂತ ಹೆಚ್ಚು ಏರಿಕೆಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಗಿಡ್ಡ ಕೇಬಲ್ ಬಳಸುವುದು, ಸಾಧ್ಯವಾದರೆ ಹೆಚ್ಚು ವೇಗದ ಡ್ರೈವರ್ ಚಿಪ್ ಹಾಕುವುದು ಅಗತ್ಯ.

ಇನ್ನೊಂದು ಮಿತಿ 8250ರ ನಂತರದ ಸೀರಿಯಲ್ ಚಿಪ್ಪಾದ 16550ರ ಹದಿನಾರು ಬೈಟಿನ ಫಿಫೊದಲ್ಲಿದೆ, ಅಂದರೆ ಬಂದ ಬೈಟುಗಳು ಸರದಿಯಲ್ಲಿ ಕಾಯುವ ಜಾಗದಲ್ಲಿದೆ. ಈ ವೇಗದಲ್ಲಿ ಸುಮಾರು 11 ಮೈಕ್ರೋಸೆಕೆಂಡಿಗೊಂದು ಬೈಟ್ ಬರುವುದರಿಂದ, ಇಂಟರಪ್ಟ್ ಮಟ್ಟವನ್ನು (ಎಷ್ಟು ಬೈಟ್ ತುಂಬಿದಾಗ ಪ್ರೊಸೆಸರನ್ನು ಕರೆಯಬೇಕೆಂಬುದನ್ನು) 14ಕ್ಕೆ ಇಟ್ಟರೆ ಕಂಪ್ಯೂಟರಿಗೆ ಉಳಿಯುವುದು ಎರಡು ಬೈಟಿನಷ್ಟು ಬಿಡುವು ಮಾತ್ರ. 8ಕ್ಕೆ ಇಳಿಸಿದರೆ ನಾಲ್ಕು ಪಟ್ಟು ಬಿಡುವು ಸಿಗುತ್ತದೆ.

ಲ್ಯಾಪ್‌ಟಾಪ್ ಇರುವವರಿಗೆ ಯುಎಸ್‌ಬಿ ಪರಿವರ್ತಕವೇ ಗತಿ, ಮತ್ತು ಅದು ಕೆಟ್ಟ ದಾರಿಯೇನಲ್ಲ. ಅಂಥ ಪರಿವರ್ತಕಗಳಲ್ಲಿ ಬಳಸುವ ಎಫ್‌ಟಿ232ಆರ್ ಚಿಪ್ 30 ಲಕ್ಷ ಬಾಡ್‌ವರೆಗೆ, ಅಂದರೆ ಸೆಕೆಂಡಿಗೆ 30 ಲಕ್ಷ ಬಿಟ್‌ವರೆಗೆ ಹೋಗುತ್ತದೆ. ಆದರೆ ಸಣ್ಣ ಪ್ರಶ್ನೆ ಕಳಿಸಿ ಸಣ್ಣ ಉತ್ತರಕ್ಕೆ ಕಾಯುವ ಕೆಲಸದಲ್ಲಿ ಬಾಡ್ ಏರಿಸಿ ಪ್ರಯೋಜನವಿಲ್ಲ. ಬಂದ ಅಲ್ಪ ಮಾಹಿತಿಯನ್ನು ಕಂಪ್ಯೂಟರಿಗೆ ಕಳಿಸುವ ಮುನ್ನ ಚಿಪ್ ಎಷ್ಟು ಕಾಯಬೇಕೆಂದು ಹೇಳುವ, ಡ್ರೈವರ್ ತಂತ್ರಾಂಶದ ಲೇಟೆನ್ಸಿ ಟೈಮರ್ ಸಾಮಾನ್ಯವಾಗಿ 16 ಮಿಲಿಸೆಕೆಂಡಿಗೆ ಇರುತ್ತದೆ, ಅದನ್ನು 1ಕ್ಕೆ ಇಳಿಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ದೊಡ್ಡ ಕಡತಗಳ ವಿಷಯ ಬೇರೆ: 4 ಎಂಬಿ ಫರ್ಮ್‌ವೇರನ್ನು ಸಂಕುಚಿಸದೆ ಕಳಿಸಲು 1,15,200ರಲ್ಲಿ ಆರು ನಿಮಿಷ ಹಿಡಿದರೆ, 9,21,600ರಲ್ಲಿ ಮುಕ್ಕಾಲು ನಿಮಿಷ ಸಾಕು.

ಪ್ರಯತ್ನಿಸುವವರು ಎರಡು ಮತ್ತು ಮೂರನೇ ಪಿನ್ ಜೋಡಿಸಿ ಮಾಡುವ ಲೂಪ್‌ಬ್ಯಾಕ್ ಪರೀಕ್ಷೆಯನ್ನಷ್ಟೇ ನಂಬಬಾರದು, ಏಕೆಂದರೆ ಅಲ್ಲಿ ಕಳಿಸುವುದಕ್ಕೂ ಸ್ವೀಕರಿಸುವುದಕ್ಕೂ ಒಂದೇ ಕ್ಲಾಕ್ ಇರುವುದರಿಂದ ವೇಗದ ವ್ಯತ್ಯಾಸ ಬಯಲಾಗುವುದಿಲ್ಲ. ನಿಜವಾಗಿ ಬಳಸುವ ಸಾಧನ ಮತ್ತು ಕೇಬಲ್ ಜೋಡಿಸಿ, ದೊಡ್ಡ ಕಡತವೊಂದನ್ನು ಕಳಿಸಿ, ಲಿನಕ್ಸ್ ಡ್ರೈವರ್ ಎಣಿಸಿಡುವ ದೋಷಗಳನ್ನು ನೋಡಬೇಕು. ಓವರ್‌ರನ್ ಹೆಚ್ಚುತ್ತಿದ್ದರೆ ಕಂಪ್ಯೂಟರ್ ಬೈಟುಗಳನ್ನು ತಡವಾಗಿ ಎತ್ತಿಕೊಳ್ಳುತ್ತಿದೆ. ಫ್ರೇಮಿಂಗ್ ದೋಷ (ಬೈಟಿನ ಕೊನೆಯ ಗುರುತು ಇರಬೇಕಾದಲ್ಲಿ ಸಿಗದಿರುವುದು) ಹೆಚ್ಚುತ್ತಿದ್ದರೆ ಮೊದಲು ಕ್ಲಾಕಿನ ಲೆಕ್ಕವನ್ನೂ ಆಮೇಲೆ ಕೇಬಲನ್ನೂ ಪರಿಶೀಲಿಸಬೇಕು.