ಅದು ಗಾದಿ ಸ್ವಾಮಿ, ಗಾಡಿ ಅಲ್ಲ

"ಅಣ್ಣಾ, ಗಾಡಿ ರಿಪೇರಿ ಮಾಡ್ತೀರಲ್ವಾ?"

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ದೇವರ ಫೋಟೋಗೆ ಊದಿನಕಡ್ಡಿ ಹಚ್ಚುತ್ತಿದ್ದೆ. ಹಿಂದೆ ಹತ್ತಿ ಹಿಂಜುವ ಮಷಿನ್ ಆಗಲೇ ಶುರುವಾಗಿತ್ತು. ಆ ಸದ್ದಿನಲ್ಲಿ 'ಡ' ಯಾವುದು, 'ದ' ಯಾವುದು ಅಂತ ಯಾರಿಗೆ ಗೊತ್ತಾಗಬೇಕು? ನನ್ನ ಕಿವಿಗೆ 'ಗಾದಿ' ಅಂತಲೇ ಕೇಳಿಸಿತು. ಮೂವತ್ತು ವರ್ಷದಿಂದ ಈ ಕಿವಿ ಬೇರೆ ಏನನ್ನೂ ಕೇಳಿಲ್ಲ.

"ಮಾಡ್ತೀವಿ. ಎಷ್ಟು ವರ್ಷದ್ದು?"

"ಎಂಟು ವರ್ಷ ಆಯ್ತಣ್ಣ."

"ಒಳಗೆಲ್ಲ ಗಂಟು ಕಟ್ಟಿರುತ್ತೆ. ಪೂರ್ತಿ ಬಿಚ್ಚಿ ಹಿಂಜಬೇಕು."

"ಇಂಜಿನ್ನೇ ಬಿಚ್ಬೇಕಾ?" ಹುಡುಗನ ದನಿ ಸಣ್ಣಗಾಯಿತು.

"ಹ್ಞೂಂ, ಹಿಂಜಲೇಬೇಕು. ನೀರು ಗೀರು ಬಿದ್ದಿತ್ತಾ?"

"ಮೊನ್ನೆ ಮಳೇಲಿ ನೆಂದಿತ್ತು."

"ಅದಕ್ಕೇ ಮತ್ತೆ! ಎರಡು ದಿನ ತಾರಸಿ ಮೇಲೆ ಬಿಸಿಲಿಗೆ ಹಾಕು. ಮಧ್ಯೆ ಮಧ್ಯೆ ಮಗ್ಗುಲು ತಿರುಗಿಸ್ತಾ ಇರು. ಆಮೇಲೆ ಸುತ್ತಿಕೊಂಡು ತಗೊಂಡು ಬಾ."

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಅಣ್ಣಾ, ಬೈಕಣ್ಣ ಇದು. ಶಾಮನೂರು ರೋಡಲ್ಲಿ ನಿಂತ್ಬಿಟ್ಟೈತೆ. ಹೆಂಗೆ ಸುತ್ಲಿ?"

ಅಂಗಡಿಗೆ ಗಿರಾಕಿ ಬರಲಿ ಅಂತ ಇಂಟರ್ನೆಟ್‌ನಲ್ಲಿ ಜಾಹೀರಾತು ಹಾಕಿದ ಮೇಲೆ ಬಂದ ಮೊದಲ ಫೋನ್ ಇದು.

ನಮ್ಮದು ದಾವಣಗೆರೆಯ ಚೌಕಿಪೇಟೆ ಕಡೆಯ ಹಳೇ ಅರಳೆ ಅಂಗಡಿ. ಹತ್ತಿ ಗಾದಿ, ದಿಂಬು, ಹಳೇ ಗಾದಿ ಬಿಚ್ಚಿ ಹತ್ತಿ ಹಿಂಜಿ ಹೊಸದು ಮಾಡಿಕೊಡುವುದು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅಪ್ಪ ಶುರುಮಾಡಿದ್ದು. ಆಗ ಕಾಟನ್ ಮಿಲ್ಲುಗಳ ಸೈರನ್ ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈಗ ಮಿಲ್ಲುಗಳ ಸದ್ದಿಲ್ಲ, ಸುತ್ತಲಿನ ಹೊಲದಲ್ಲೆಲ್ಲ ಮೆಕ್ಕೆಜೋಳ. ಜನ ಫೋಮ್, ಸ್ಪ್ರಿಂಗ್ ಅಂತ ಫೋನಿನಲ್ಲೇ ಹಾಸಿಗೆ ತರಿಸಿಕೊಳ್ಳುತ್ತಾರೆ. ಅದು ಸುರುಳಿ ಸುತ್ತಿಕೊಂಡು ಡಬ್ಬಿಯಲ್ಲಿ ಬರುತ್ತೆ, ಬಿಚ್ಚಿದರೆ ಹಪ್ಪಳದ ಹಾಗೆ ಉಬ್ಬುತ್ತೆ. ನಮ್ಮ ಗಾದಿ ಎತ್ತಲಿಕ್ಕೆ ಇಬ್ಬರು ಬೇಕು.

ಅಪ್ಪನ ಕಾಲದ ಪ್ರಚಾರ ಸುಲಭವಿತ್ತು. ಟಾಕೀಸ್‌ನಲ್ಲಿ ಒಂದು ಸ್ಲೈಡ್, ದುಗ್ಗಮ್ಮನ ಜಾತ್ರೆ ಬಂದರೆ ಒಂದು ಬ್ಯಾನರ್, ಮದುವೆ ಸೀಸನ್‌ಗೆ ಆಟೋಕ್ಕೆ ಮೈಕ್ ಕಟ್ಟಿ ಎರಡು ದಿನ ಓಡಾಟ. ಯಾರು ನೋಡಿದರು, ಯಾರು ಬಿಟ್ಟರು ಲೆಕ್ಕವಿಲ್ಲ. "ಈಗ ಹಂಗಲ್ಲ, ಗಾದಿ ಬೇಕು ಅಂತ ಹುಡುಕಿದವನಿಗೆ ಮಾತ್ರ ನಿಮ್ಮ ಜಾಹೀರಾತು ಕಾಣ್ಸುತ್ತೆ, ಅವನು ಒತ್ತಿದ್ರೆ ಮಾತ್ರ ದುಡ್ಡು" ಅಂತ ಜೆರಾಕ್ಸ್ ಅಂಗಡಿ ಹುಡುಗ ಹೇಳಿದ. ಕೇಳಲಿಕ್ಕೆ ಎಷ್ಟು ಚೆಂದ! ಬೇಕು ಅಂದವನಿಗೆ ಮಾತ್ರ. ಒತ್ತಿದರೆ ಮಾತ್ರ.

ಆ ಹುಡುಗನಿಗೇ ಕೆಲಸ ಕೊಟ್ಟಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಅವನು ಕೇಳಿದ ದುಡ್ಡಿಗೆ ಒಂದು ಡಬಲ್ ಗಾದಿ ಬರುತ್ತಿತ್ತು. ನಾನೇ ಮಾಡಿಕೊಳ್ತೀನಿ ಅಂತ ಒಂದು ರಾತ್ರಿ ಊಟ ಮುಗಿಸಿ ಕೂತೆ. ಮಗ ಬಿಟ್ಟು ಹೋಗಿದ್ದ ಹಳೇ ಪುಸ್ತಕದಲ್ಲಿ 'ಆಡ್‌ವರ್ಡ್ಸ್' ಅಂತ ಇತ್ತು. ಅರ್ಧ ಗಂಟೆ ಆ ಹೆಸರನ್ನೇ ಹುಡುಕಿದೆ. 2018ರಲ್ಲೇ ಅದು 'ಗೂಗಲ್ ಆಡ್ಸ್' ಆಗಿದೆ ಅಂತ ಆಮೇಲೆ ಗೊತ್ತಾಯಿತು.

ಜಾಹೀರಾತಿನ ತಲೆಬರಹಕ್ಕೆ 30 ಅಕ್ಷರ, ಅಷ್ಟೇ. ನಮ್ಮ ಅಂಗಡಿ ಬೋರ್ಡ್ ಮೇಲೆ ಮೊದಲ ಸಾಲೇ 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ'. ಅಪ್ಪ ಬರೆಸಿದ್ದು. ಅದಿಲ್ಲದೆ ವ್ಯಾಪಾರ ಶುರುಮಾಡಲಿಕ್ಕೆ ಮನಸ್ಸು ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. 31 ಆಯಿತು. ಒಂದೇ ಒಂದು ಅಕ್ಷರ ಜಾಸ್ತಿ. 'ಪ್ರಸನ್ನ'ದಲ್ಲಿ ಒಂದು 'ಎನ್' ತೆಗೆದರೆ ಸರಿಹೋಗುತ್ತಿತ್ತು, ಆದರೆ ದೇವರ ಪ್ರಸನ್ನತೆಗೇ ಕತ್ತರಿ ಹಾಕುವುದೇ? ಕೊನೆಗೆ ಕೈಮುಗಿದು ಇಡೀ ಸಾಲನ್ನೇ ಬಿಟ್ಟೆ. ಮುಂದಿನದ್ದಕ್ಕೆಲ್ಲ ಇದೇ ಕಾರಣ ಅಂತ ನಮ್ಮಾಕೆ ಇವತ್ತಿಗೂ ಹೇಳುತ್ತಾಳೆ.

ಆಮೇಲೆ ಜನ ಯಾವ ಪದ ಹುಡುಕಿದರೆ ನಾವು ಕಾಣಿಸಬೇಕು ಅಂತ ಬರೆಯಬೇಕು. ಇದನ್ನು ಕೀವರ್ಡ್ ಅಂತಾರೆ. ನಾನು ಬರೆದೆ: ಗಾದಿ, ಗಾದಿ ರಿಪೇರಿ, ಬೆಡ್, ಡಬಲ್ ಬೆಡ್, ಕಾಟನ್ ಬೆಡ್, ಜತೆಗೆ ದಾವಣಗೆರೆ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಯಾಕಂದರೆ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವವರು ನಮ್ಮೂರಲ್ಲಿ ಜಾಸ್ತಿ. ಊರಿನ ಹೆಸರಿಗೇ ಎರಡು ಸ್ಪೆಲಿಂಗ್ ಇದೆ, ಎರಡನ್ನೂ ಹಾಕಿದೆ. ಅಷ್ಟು ಹುಷಾರು ನಾನು.

ಈಗ ಒಂದು ಕೆಲಸ ಮಾಡಿ. ಗಾದಿ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಜಿ, ಎ, ಡಿ, ಐ. ಪಕ್ಕದಲ್ಲೇ ಗಾಡಿ ಅಂತ ಬರೆಯಿರಿ. ಜಿ, ಎ, ಡಿ, ಐ. ಗಡಿ ಅಂತ ಬರೆದರೂ ಅದೇ. ಪುಣ್ಯಕ್ಕೆ ಗಡಿ ವಿವಾದ ನಮ್ಮ ಅಂಗಡಿವರೆಗೆ ಬರಲಿಲ್ಲ.

ದಿನಕ್ಕೆ 200 ರೂಪಾಯಿ ಬಜೆಟ್ ಇಟ್ಟೆ. ಬೆಳಿಗ್ಗೆ ಎದ್ದವನೇ ನಮ್ಮ ಬಂಧುಗಳ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ. 'ನಮ್ಮ ಅಂಗಡಿ ಈಗ ಗೂಗಲ್‌ನಲ್ಲಿ ಬರುತ್ತೆ. ಎಲ್ಲರೂ ಹುಡುಕಿ, ಒಂದ್ಸಲ ಒತ್ತಿ ಆಶೀರ್ವಾದ ಮಾಡಿ.' ನಮ್ಮ ಬಂಧುಗಳು ಮದುವೆಗೆ ಕರೆದರೆ ತಡವಾಗಿ ಬರುತ್ತಾರೆ. ಇದಕ್ಕೆ ಮಾತ್ರ ಒಬ್ಬರೂ ತಪ್ಪಿಸಲಿಲ್ಲ. ಹರಿಹರದ ಅತ್ತೆ ಒತ್ತಿದರು, ಹೊನ್ನಾಳಿ ಮಾವ ಒತ್ತಿದರು, ನಿಟ್ಟುವಳ್ಳಿ ಚಿಕ್ಕಪ್ಪ ಸರಿಯಾಗಿ ಒತ್ತಿತೋ ಇಲ್ಲವೋ ಅಂತ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಒತ್ತಿದರು. ಒಂದೊಂದು ಒತ್ತಿಗೂ ಸುಮಾರು ಒಂಬತ್ತು ರೂಪಾಯಿ. ಹತ್ತೂವರೆ ಹೊತ್ತಿಗೆ ದುಡ್ಡು ಖಾಲಿ. ಅದೂ 200 ಅಲ್ಲ, 387! ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ.

ಮೋಸ ಆಯಿತು ಅಂತ ನಾನು ಕೂಗಾಡಿದ್ದೇ ಬಂತು. ನಿಯಮ ಅಲ್ಲೇ ಬರೆದಿತ್ತು. ನಾವು ಇಡುವುದು ಸರಾಸರಿ ಬಜೆಟ್ ಅಂತೆ. ಒಂದು ದಿನ ಅದರ ಎರಡರಷ್ಟುವರೆಗೆ ಖರ್ಚಾಗಬಹುದು, ತಿಂಗಳಿಗೆ ಲೆಕ್ಕ ಹಾಕಿದರೆ ಮಾತ್ರ ದಿನದ ಬಜೆಟ್‌ನ 30.4 ಪಟ್ಟು ದಾಟುವುದಿಲ್ಲ. 365ನ್ನು 12ರಿಂದ ಭಾಗಿಸಿದರೆ ಬರುವ 30.4 ಅದು. ಓದದೇ 'ಮುಂದೆ, ಮುಂದೆ' ಅಂತ ಒತ್ತಿದವನು ನಾನು. ಬೇಕಂತಲೇ ಮಾಡಿದ ಕ್ಲಿಕ್‌ಗಳನ್ನು ಪತ್ತೆಹಚ್ಚಿ ದುಡ್ಡು ಹಿಡಿಯದೆ ಬಿಡುವ ವ್ಯವಸ್ಥೆ ಇದೆ, ನಿಜ. ಆದರೆ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಫೋನಿನಿಂದ, ಇಷ್ಟು ಪ್ರೀತಿಯಿಂದ ಒತ್ತಿದ್ದನ್ನು ಯಾವ ಮಷಿನ್ ಸುಳ್ಳು ಅನ್ನುತ್ತೆ?

ನಾನೂ ಸುಮ್ನೆ ಕೂರಲಿಲ್ಲ. ಜಾಹೀರಾತು ಬರುತ್ತಿದೆಯಾ ಅಂತ ಗಂಟೆಗೆ ಹತ್ತು ಸಲ ಹುಡುಕಿದೆ. ಒತ್ತದೇ ನೋಡುತ್ತಿದ್ದೆ, ದುಡ್ಡು ಹೋಗುತ್ತಲ್ಲ. ಮೂರು ದಿನಕ್ಕೆ ನನ್ನ ಫೋನಿನಲ್ಲಿ ಕಾಣಿಸುವುದೇ ನಿಂತುಹೋಯಿತು. ಎಷ್ಟು ತೋರಿಸಿದರೂ ಒತ್ತದವನಿಗೆ ಮತ್ತೆ ಮತ್ತೆ ಯಾಕೆ ತೋರಿಸಬೇಕು? ನನ್ನ ಅಂಗಡಿ ಬಗ್ಗೆ ನನಗೇ ಆಸಕ್ತಿ ಇಲ್ಲ ಅಂತ ತೀರ್ಮಾನ ಆಗಿತ್ತು.

ಅಷ್ಟರಲ್ಲಿ ಫೋನ್‌ಗಳು ಜಾಸ್ತಿ ಆಗಿದ್ದವು. ಮಷಿನ್ ಸದ್ದಿನಲ್ಲಿ ನನಗೆ ಕೇಳುವುದಿಲ್ಲ ಅಂತ ನಮ್ಮಾಕೆಗೆ ಫೋನ್ ಕೊಟ್ಟೆ. ಅವಳು ಒಂದು ನೋಟ್‌ಬುಕ್ ತಗೊಂಡು ಗೆರೆ ಹಾಕಿ ನಾಲ್ಕು ಕಾಲಂ ಮಾಡಿದಳು. ಗಾದಿ, ಗಾಡಿ, ಮನೆ, ಬಿ.ಎಡ್.

ಬಿ.ಎಡ್. ಎಲ್ಲಿಂದ ಬಂತು ಅಂತ ನನಗೂ ಅರ್ಥವಾಗಲಿಲ್ಲ. ಇದು ಕಾಲೇಜುಗಳ ಊರು. ಡಿಗ್ರಿ ಮುಗಿಸಿದ ಹುಡುಗಿಯರು ಬಿ.ಎಡ್. ಸೀಟು ಹುಡುಕುವಾಗ ಮಧ್ಯದ ಚುಕ್ಕಿ ಯಾರು ಹಾಕುತ್ತಾರೆ? ಚುಕ್ಕಿ ಬಿಟ್ಟರೆ ಅದು ಬೆಡ್. ನಾನು ಪದಗಳನ್ನು ಸಡಿಲವಾಗಿ ಬಿಟ್ಟಿದ್ದೆ, ಅಂದರೆ ಬ್ರಾಡ್ ಮ್ಯಾಚ್. ಹತ್ತಿರದ್ದು, ಸಂಬಂಧ ಇರುವುದು, ಇರಬಹುದು ಅನ್ನಿಸಿದ್ದು, ಎಲ್ಲಕ್ಕೂ ನಮ್ಮ ಜಾಹೀರಾತು ಹೋಗುತ್ತಿತ್ತು. ಡಬಲ್ ಬೆಡ್ ಅಂದಿದ್ದಕ್ಕೆ ವಿದ್ಯಾನಗರದಲ್ಲಿ ಡಬಲ್ ಬೆಡ್‌ರೂಮ್ ಬಾಡಿಗೆ ಮನೆ ಹುಡುಕುವವರೂ ಬಂದರು.

ನಮ್ಮಾಕೆ ಬಿ.ಎಡ್. ಮಾಡಿದವಳು. ಮದುವೆಯಾದ ಮೇಲೆ ಕೆಲಸಕ್ಕೆ ಹೋಗಲಿಲ್ಲ. ಆ ಫೋನ್‌ಗಳು ಬಂದಾಗ ಅವಳ ದನಿಯೇ ಬದಲಾಗುತ್ತಿತ್ತು.

"ಡಿಗ್ರೀಲಿ ಎಷ್ಟು ಪರ್ಸೆಂಟಮ್ಮ? ಐವತ್ತು ದಾಟಿದೆಯಾ? ಹಂಗಾದ್ರೆ ಹೆದರಬೇಡ. ನಮ್ಮ ಕಾಲದಲ್ಲಿ ಒಂದೇ ವರ್ಷ ಇತ್ತು, 2015ರಿಂದ ಎರಡು ವರ್ಷ ಮಾಡಿದಾರೆ. ಮನೇಲಿ ಹೇಳಿಬಿಡು, ಆಮೇಲೆ ಮದುವೆ ಅಂತ ಮಧ್ಯದಲ್ಲಿ ಬಿಡಿಸಬಾರದು ನೋಡು."

ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡುತ್ತಿದ್ದಳು. ನಾನು ಹತ್ತಿ ಕಡೆ ನೋಡುತ್ತಿದ್ದೆ.

ಒಬ್ಬರು ಬೆಂಗಳೂರಿನಿಂದ ಮಾತಾಡಿದರು. ಗಾದಿಯೇ ಬೇಕಿತ್ತು ಅವರಿಗೆ, ಪಾಪ. ಆದರೆ "ಡೆಲಿವರಿ ಫ್ರೀನಾ?" ಅಂದರು. ಸುಮಾರು 260 ಕಿಲೋಮೀಟರ್! ದಾವಣಗೆರೆ ಅಂತ ಆರಿಸಿದ್ದೆನಲ್ಲ, ಅಲ್ಲಿಗೆ ಹೇಗೆ ಹೋಯಿತು? ಆಮೇಲೆ ನೋಡಿದರೆ ನಾನು ಬಿಟ್ಟಿದ್ದ ಸೆಟ್ಟಿಂಗ್ 'ಈ ಊರಿನಲ್ಲಿರುವವರು ಅಥವಾ ಈ ಊರಿನ ಬಗ್ಗೆ ಆಸಕ್ತಿ ಇರುವವರು'. ದಾವಣಗೆರೆ ಬಗ್ಗೆ ಆಸಕ್ತಿ ಯಾರಿಗಿಲ್ಲ ಹೇಳಿ? ಬೆಣ್ಣೆದೋಸೆ ತಿಂದವರೆಲ್ಲ ಆ ಲೆಕ್ಕಕ್ಕೇ ಬರುತ್ತಾರೆ.

ಒಂದು ಸಂಜೆ ಮಂಡಕ್ಕಿ ಮಿರ್ಚಿ ತರಿಸಿಕೊಂಡು ನಾನು, ನಮ್ಮ ಚಾಚಾ ಫೋನ್ ಹಿಡಿದು ಕೂತೆವು. ಚಾಚಾ ಅಪ್ಪನ ಕಾಲದಿಂದ ನಮ್ಮಲ್ಲಿ ಗಾದಿ ಹೊಲಿಯುವವರು. ದಬ್ಬಣ ಹಿಡಿದರೆ ಈಗಲೂ ಹೊಲಿಗೆ ಗೆರೆ ಎಳೆದ ಹಾಗಿರುತ್ತೆ. ಜನ ಏನೇನು ಹುಡುಕಿ ನಮ್ಮ ಜಾಹೀರಾತು ಒತ್ತಿದ್ದಾರೆ ಅನ್ನೋ ಪಟ್ಟಿ ಸಿಗುತ್ತೆ. ನಾನು ಓದುತ್ತಾ ಹೋದೆ. ಬೆಡ್ ಕಾಲೇಜ್ ಫೀಸ್. ಗಾಡಿ ರಿಪೇರಿ ಹತ್ತಿರದಲ್ಲಿ. ಬಾಡಿಗೆಗೆ ಹಾಸ್ಪಿಟಲ್ ಬೆಡ್. ಸೆಕೆಂಡ್ ಹ್ಯಾಂಡ್ ಗಾಡಿ. ಚಾಚಾ ಒಂದು ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು ಕೇಳಿದರು. "ಅಪ್ಪಾಜಿ, ಇದ್ರಾಗೆ ಮಲಗೋರು ಯಾರೂ ಇಲ್ವಾ?"

61 ಸಾಲಿನಲ್ಲಿ ಮೂರು ಸಾಲು ನಮ್ಮವು.

ಚಾಚಾಗೆ ದುಡ್ಡಿನ ಲೆಕ್ಕ ಹೇಳುವುದು ಕಷ್ಟವಾಯಿತು. ಎಪಿಎಂಸಿ ಹರಾಜಿನ ಉದಾಹರಣೆ ಕೊಟ್ಟೆ. ಯಾರಾದರೂ ಒಂದು ಪದ ಹುಡುಕಿದ ತಕ್ಷಣ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ, ಒಳಗೆ ಒಂದು ಹರಾಜು ನಡೆಯುತ್ತೆ. ಮಂಡಿಯಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಇಲ್ಲಿ ಕೂಗಿನ ಜತೆಗೆ ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತೆ ಅನ್ನುವುದನ್ನೂ ತೂಗುತ್ತಾರೆ. ಗೆದ್ದವನು ತಾನು ಕೂಗಿದಷ್ಟೂ ಕೊಡಬೇಕಿಲ್ಲ, ಕೆಳಗಿನವನನ್ನು ದಾಟಲು ಬೇಕಾದಷ್ಟು ಕೊಟ್ಟರೆ ಸಾಕು.

"ಅಂದ್ರೆ ನಾವು ಗ್ಯಾರೇಜಿನೋರ ಜತೆ ಹರಾಜು ಕೂಗಿ ಗೆದ್ದಿದೀವಿ" ಅಂದರು ಚಾಚಾ.

ಅದಕ್ಕೆ ಔಷಧ ಅಂದರೆ ಬೇಡದ ಪದಗಳ ಪಟ್ಟಿ, ನೆಗೆಟಿವ್ ಕೀವರ್ಡ್. ಬೈಕ್, ಪಂಕ್ಚರ್, ಬ್ಯಾಟರಿ, ರೂಮ್, ಬಾಡಿಗೆ, ಹಾಸ್ಪಿಟಲ್ ಎಲ್ಲ ತುಂಬಿದೆ. ಇಲ್ಲೊಂದು ತಮಾಷೆ ಇದೆ. ಬೇಕಾದ ಪದ ಸಡಿಲ ಬಿಟ್ಟರೆ ಅದರ ಬಂಧು ಬಳಗವನ್ನೆಲ್ಲ ಕರೆದುಕೊಂಡು ಬರುತ್ತೆ. ಬೇಡದ ಪದ ಮಾತ್ರ ಬರೆದದ್ದನ್ನಷ್ಟೇ ತಡೆಯುತ್ತೆ. ಬೈಕ್ ಬೇಡ ಅಂದರೆ ಸ್ಕೂಟರ್ ಬರುತ್ತೆ. ಸ್ಕೂಟರ್ ಬೇಡ ಅಂದರೆ ಟೂ ವೀಲರ್ ಬರುತ್ತೆ. 'ಗಾದಿ ರಿಪೇರಿ'ಯನ್ನಂತೂ ಬಿಗಿ ಮಾಡಿ ಪ್ರಯೋಜನವಿಲ್ಲ, ಎರಡಕ್ಕೂ ಅಕ್ಷರ ಒಂದೇ. ಅದನ್ನು ತೆಗೆದುಹಾಕಿ 'ಹಳೇ ಹತ್ತಿ ಗಾದಿ' ಅಂತ ಮಾಡಿದೆ. ಹತ್ತಿ ತುಂಬಿದ ಬೈಕ್ ಯಾರ ಹತ್ತಿರವೂ ಇರಲಿಕ್ಕಿಲ್ಲ. ಊರಿನ ಸೆಟ್ಟಿಂಗನ್ನೂ 'ಇಲ್ಲಿರುವವರು ಮಾತ್ರ' ಅಂತ ಬದಲಾಯಿಸಿದೆ.

ಕಾಲೇಜ್ ಅನ್ನೋ ಪದ ಸೇರಿಸುವಾಗ ನಮ್ಮಾಕೆ ಕೈ ಹಿಡಿದಳು. "ಅದೊಂದು ಬಿಡ್ರೀ. ಜಗಳೂರಿನ ಹುಡುಗಿ ನಾಳೆ ಫೋನ್ ಮಾಡ್ತೀನಿ ಅಂದಿದಾಳೆ." ಒಂದು ಫೋನಿಗೆ ಒಂಬತ್ತು ರೂಪಾಯಿ ಅಂತ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಆ ಹುಡುಗಿ ಮುಂದಿನ ತಿಂಗಳು ಅಪ್ಪನ ಜತೆ ಅಂಗಡಿಗೆ ಬಂದು ಹಾಸ್ಟೆಲ್‌ಗೆ ಮೂರಡಿ-ಆರಡಿ ಗಾದಿ ಮಾಡಿಸಿಕೊಂಡು ಹೋದಳು. ಗೆಳತಿಗೆ ಇನ್ನೊಂದು. ನೋಟ್‌ಬುಕ್ಕಿನ ಬಿ.ಎಡ್. ಕಾಲಂನಿಂದ ಗಾದಿ ಕಾಲಂಗೆ ನಮ್ಮಾಕೆ ಎಳೆದ ಬಾಣದ ಗುರುತು ಬೇಕಂತಲೇ ಸ್ವಲ್ಪ ದಪ್ಪಗಿತ್ತು.

ಬೇಡದ ಪದಗಳು ಕೆಲಸ ಮಾಡಿದವು. ಫೋನ್ ಕಮ್ಮಿಯಾದವು, ಬಂದದ್ದರಲ್ಲಿ ಅರ್ಧ ಗಾದಿಯವೇ. ಅಂಗಡಿ ಶಾಂತವಾಯಿತು.

ಹದಿನೈದು ದಿನ ಕಳೆದಿರಬೇಕು. ಹಿಂದಿನ ಓಣಿಯ ಮೆಕ್ಯಾನಿಕ್ ಕೈಗೆ ಗ್ರೀಸ್ ಮೆತ್ತಿಕೊಂಡೇ ಅಂಗಡಿ ಮುಂದೆ ಬಂದು ನಿಂತ. ಗಾಡಿಯ ಫೋನ್ ಬಂದಾಗಲೆಲ್ಲ ಬೈಸಿಕೊಳ್ಳೋದು ಬೇಡ ಅಂತ ನಾವು ಅವನ ನಂಬರನ್ನೇ ಕೊಡುತ್ತಿದ್ದೆವು.

"ಅಣ್ಣಾರೆ, ಏನಾದ್ರೂ ಬೇಜಾರಾ ನನ್ ಮ್ಯಾಲೆ?"

"ಯಾಕಪ್ಪ?"

"ಎರಡು ವಾರದಿಂದ ಒಬ್ಬ ಗಿರಾಕೀನೂ ಕಳಿಸಿಲ್ಲ ನೀವು."

ಹೋದ ತಿಂಗಳು ಅವನ ಗ್ಯಾರೇಜಿಗೆ ಹಿಂದೆಂದೂ ಇಲ್ಲದಷ್ಟು ಗಾಡಿ ಬಂದಿದ್ದವಂತೆ. ಕೆಲಸ ಜಾಸ್ತಿಯಾಗಿ ರಾತ್ರಿ ಅಲ್ಲೇ ಉಳಿಯೋ ಹುಡುಗನನ್ನು ಬೇರೆ ಇಟ್ಟುಕೊಂಡಿದ್ದ. ಜಾಹೀರಾತಿನ ಕತೆ ಪೂರ್ತಿ ಹೇಳಿದೆ. ಅವನು ನಗಲಿಲ್ಲ. ತಲೆ ಕೆರೆದುಕೊಂಡು, ಆ ಹುಡುಗ ಮಲಗಲಿಕ್ಕೆ ಒಂದು ಗಾದಿ ಮಾಡಿಕೊಡಿ ಅಂದ. ರೇಟು ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ, ಅಡ್ವಾನ್ಸ್ ಕೊಟ್ಟು ಹೋದ. ನೋಟಿನ ಮೇಲೆ ಗ್ರೀಸಿನ ಹೆಬ್ಬೆಟ್ಟು.

ನಮ್ಮಾಕೆ ನೋಟ್‌ಬುಕ್ ತೆಗೆದು ಪೆನ್ನು ಹಿಡಿದು ಕೂತಳು.

"ರೀ, ಇದನ್ನ ಯಾವ ಕಾಲಂಗೆ ಬರೀಲಿ?"