ಒಣಗದ ಕೆಂಪು ಸಮುದ್ರ

ಜುಲೈ ತಿಂಗಳ ಮಡಿಕೇರಿಯಲ್ಲಿ ಒಣಗುವುದು ಗಂಟಲು ಮಾತ್ರ. ಅದೂ ಕರೆಂಟ್ ಯಾವಾಗ ಬರುತ್ತದೆ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿ ಕೇಳಿ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ನೇತಾಡುತ್ತದೆ. ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಉಪ್ಪಿನ ಭರಣಿಯಲ್ಲಿ ಉಪ್ಪುನೀರು ಇರುತ್ತದೆ. ಇಂಥ ಊರಿನಲ್ಲಿ ಕುಳಿತು ಸತ್ಯವೇದದ, ಅಂದರೆ ಬೈಬಲ್ಲಿನ, ಪುಟಗಳಿಗೆ ಅಕ್ರಿಲಿಕ್ ಬಣ್ಣ ಹಚ್ಚುವ ಹವ್ಯಾಸ ನನಗೆ ಅಂಟಿಕೊಂಡಿತು.

ಅಂಟಿಸಿದವಳು ದುಬೈಯಲ್ಲಿರುವ ಚಿಕ್ಕಮ್ಮನ ಮಗಳು. ಧ್ಯಾನಿಸಿದ ವಚನವನ್ನು ಆ ಪುಟದ ಅಂಚಿನಲ್ಲೇ ಚಿತ್ರವಾಗಿ ಬರೆಯುವುದು ಅಲ್ಲಿಯ ಹೆಂಗಸರ ನಡುವೆ ಭಕ್ತಿಯೂ ಹೌದು, ಕಾಲಕ್ಷೇಪವೂ ಹೌದು. ಅವಳು ರಜೆಗೆ ಬಂದಾಗ ಒಂದು ಪೆಟ್ಟಿಗೆ ಬಣ್ಣ ಕೊಟ್ಟು, ‘ಅರ್ಧ ಗಂಟೆಯಲ್ಲಿ ಒಣಗುತ್ತದೆ ಅಕ್ಕಾ’ ಎಂದು ಹೇಳಿ ವಿಮಾನ ಹತ್ತಿದಳು. ದುಬೈಯಲ್ಲಿ ಒಣಗುತ್ತದೆ, ಒಪ್ಪಿದೆ. ಅಲ್ಲಿ ಮನುಷ್ಯರೇ ಒಣಗುತ್ತಾರೆ.

ಅವಳ ಇಂಗ್ಲಿಷ್ ಬೈಬಲ್ ಇದಕ್ಕೆಂದೇ ಮುದ್ರಿಸಿದ್ದು. ಪಕ್ಕದಲ್ಲಿ ಅಂಗೈ ಊರುವಷ್ಟು ಖಾಲಿ ಜಾಗವಿರುತ್ತದೆ. ನನ್ನ ಕನ್ನಡ ಸತ್ಯವೇದದಲ್ಲಿ ಎರಡು ಅಂಕಣ ಒತ್ತಿಕೊಂಡು ನಿಂತಿವೆ. ಅಂಚಿನಲ್ಲಿ ಒಂದು ಇರುವೆ ನಡೆದರೂ ಯಾವುದೋ ವಚನವನ್ನು ತುಳಿದೇ ನಡೆಯಬೇಕು. ಅರವತ್ತಾರು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹಿಡಿಸಬೇಕಲ್ಲ, ಹಾಗಾಗಿ ಕಾಗದವೂ ಮಹಾ ತೆಳು. ನಕಲು ತೆಗೆಯುವ ಸಾಮಾನ್ಯ ಕಾಗದದ ಸುಮಾರು ಅರ್ಧದಷ್ಟು ತೂಕ. ನೀರು ಸೋಕಿದರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಅದಕ್ಕೆ ಮೊದಲು ಪಾರದರ್ಶಕ ಜೆಸ್ಸೋ ಎಂಬ ಲೇಪ ಹಚ್ಚಬೇಕು, ಆಗ ಬಣ್ಣ ಹಿಂದಿನ ಪುಟಕ್ಕೆ ಇಳಿಯುವುದಿಲ್ಲ. ಆ ಲೇಪವೂ ಒಣಗಬೇಕು ಎಂಬುದು ಬೇರೆ ಮಾತು.

ಅಮ್ಮನ ಆಕ್ಷೇಪಣೆ ಒಣಗುವ ವಿಷಯದ್ದಲ್ಲ. ‘ದೇವರ ವಾಕ್ಯದ ಮೇಲೆ ಯಾರಾದರೂ ಬಣ್ಣ ಬಳಿಯುತ್ತಾರೆಯೇ?’ ಎಂದು ಕೇಳಿದರು. ಕ್ರಿ.ಶ. 800ರ ಸುಮಾರಿನಲ್ಲೇ ಸನ್ಯಾಸಿಗಳು ಬುಕ್ ಆಫ್ ಕೆಲ್ಸ್ ಎಂಬ ಸುವಾರ್ತೆಯ ಹಸ್ತಪ್ರತಿಗೆ ಕಣ್ಣು ಕೋರೈಸುವಷ್ಟು ಬಣ್ಣ ಹಾಕಿದ್ದರು ಎಂದೆ. ‘ಅವರು ಯಾವುದರ ಮೇಲೆ ಬರೆದರು?’ ‘ಕರುವಿನ ಚರ್ಮದ ಮೇಲೆ.’ ‘ಹಾಗಾದರೆ ನೀನೂ ಚರ್ಮ ತಂದುಕೊ, ಪುಸ್ತಕ ಬಿಡು.’ ವಾದ ಅಲ್ಲಿಗೆ ಮುಗಿಯಿತು. ಇಷ್ಟಕ್ಕೂ ಅಮ್ಮನ ಸತ್ಯವೇದವನ್ನು ತೆರೆದರೆ ಕಾಫಿ ಮಾರಿದ ರಸೀದಿ, ರೇಷನ್ ಅಂಗಡಿಯ ಚೀಟಿ, ಯಾರದೋ ಮದುವೆಯ ಕರೆಯೋಲೆ, ಚಪ್ಪಟೆಯಾದ ಒಂದು ಜರಿಗಿಡದ ಎಲೆ ಉದುರುತ್ತವೆ. ಇದ್ದದ್ದೆಲ್ಲ ಕಳೆದುಕೊಂಡ ಯೋಬನ ಗ್ರಂಥದಲ್ಲಿ ಅಪ್ಪನ ಸಾಲದ ಪತ್ರವಿದೆ. ಜಾಗ ನೋಡಿಯೇ ಇಟ್ಟಿದ್ದಾರೆ.

ನನಗೆ ಬಣ್ಣದ ಹುಚ್ಚು ಹತ್ತಿದ್ದು ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಈಗ ವಸ್ತುಸಂಗ್ರಹಾಲಯವಾಗಿರುವ ಆ ಕಟ್ಟಡದ ಬಣ್ಣದ ಗಾಜನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಗಾಜಿನ ಮೇಲೆ ಚಿತ್ರ ಬರೆಯುವವರು ಅದನ್ನು ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. ಮಳೆಗಾಲದ ಗೊಡವೆಯೇ ಇಲ್ಲ.

ನನ್ನ ಬಣ್ಣದ ಸ್ವಭಾವ ಬೇರೆ. ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಮತ್ತು ಬಣ್ಣದ ಪುಡಿ. ನೀರು ಗಾಳಿಗೆ ಹೋಗಬೇಕು, ಆಮೇಲೆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗಬೇಕು. ನಮ್ಮೂರಿನ ಜುಲೈ ಗಾಳಿಯಲ್ಲಿ ಇನ್ನೊಂದು ಹನಿಗೆ ಜಾಗ ಎಲ್ಲಿದೆ? ಪುಟ ಒಣಗುವುದಿಲ್ಲ, ಆದರೆ ತೊಳೆಯದೆ ಬಿಟ್ಟ ಬ್ರಷ್ಷು ಮಾತ್ರ ಅದು ಹೇಗೋ ಗಟ್ಟಿಯಾಗಿ ಕೂತಿರುತ್ತದೆ. ಈ ಅನ್ಯಾಯಕ್ಕೆ ಯಾವ ವಿಜ್ಞಾನವೂ ನನಗೆ ಸಮಾಧಾನ ಹೇಳಲಾರದು.

ದಾವೀದನ ಇಪ್ಪತ್ತಮೂರನೆಯ ಕೀರ್ತನೆಗೆ ಹಸುರುಗಾವಲು ಬರೆದೆ. ಹಸಿಯಿದ್ದಾಗ ಎಳೆಗರಿಕೆಯ ಹಸುರು. ಈ ಬಣ್ಣದಲ್ಲಿರುವ ಅಂಟು ಹಸಿಯಿದ್ದಾಗ ಹಾಲುಬಣ್ಣ, ಒಣಗಿದ ಮೇಲೆ ತಿಳಿ. ಹಾಗಾಗಿ ಒಣಗುತ್ತಾ ಹೋದ ಹಾಗೆ ಬಣ್ಣ ಕಡುವಾಗುತ್ತದೆ. ಬೆಳಗಾಗುವಷ್ಟರಲ್ಲಿ ದಾವೀದನ ಹಸುರುಗಾವಲು ಹೋಗಿ ಸಿಲ್ವರ್ ಓಕ್ ನೆರಳಿನ ರೋಬಸ್ಟಾ ಕಾಫಿ ತೋಟ ಬಂದಿತ್ತು. ಸೂರ್ಯೋದಯಕ್ಕೆಂದು ಹಾಕಿದ್ದ ಕೆಂಪು ಇನ್ನೂ ಹಸಿಯಿತ್ತು. ಅದರ ಮೇಲೆ ಬಿಳಿ ಕುರಿಗಳನ್ನು ಬರೆಯಲು ಹೋದರೆ ಅವು ಗುಲಾಬಿಯಾದವು, ಉಣ್ಣೆ ಹೋಗಿ ನುಣ್ಣಗಾದವು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, ‘ಹಂದಿಗಳು ಒಳ್ಳೆಯ ಪುಷ್ಟಿಯಾಗಿವೆ’ ಎಂದರು. ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಆದರೂ ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯ ಅಶುದ್ಧವೆಂದ ಪ್ರಾಣಿಯನ್ನು ಕೀರ್ತನೆಯಲ್ಲಿ ಮೇಯಿಸಿದ ಕೀರ್ತಿ ನನ್ನ ಪಾಲಿಗೆ ಬಂತು.

ನೋಹನ ನಾವೆಯ ಚಿತ್ರ ನೋಡಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಬರೀ ನಲವತ್ತು ದಿನದ ಮಳೆಗೆ ಇಷ್ಟು ದೊಡ್ಡ ನಾವೆಯೇ?’

ಎಲ್ಲಕ್ಕಿಂತ ಮಹತ್ವಾಕಾಂಕ್ಷೆಯದು ವಿಮೋಚನಕಾಂಡದ ಹದಿನಾಲ್ಕನೆಯ ಅಧ್ಯಾಯ. ಎದುರುಬದುರು ಪುಟಗಳಲ್ಲಿ ಮೋಶೆಗೆ ದಾರಿ ಬಿಟ್ಟ ಕೆಂಪು ಸಮುದ್ರದ ಎರಡು ನೀರಿನ ಗೋಡೆಗಳು, ಬಲಗಡೆ ಇಸ್ರಾಯೇಲ್ಯರು, ಎಡಗಡೆ ಅಟ್ಟಿಸಿಕೊಂಡು ಬರುವ ಈಜಿಪ್ಟಿನ ದೊರೆ ಫರೋಹನ ಕುದುರೆಗಳು. ಅಕ್ಷರ ಕಾಣಬೇಕೆಂದು ಪಾರದರ್ಶಕ ನೀಲಿಯನ್ನೇ ಆರಿಸಿದ್ದೆ. ಟ್ಯೂಬಿನ ಮೇಲೆ ಖಾಲಿ ಚೌಕವಿದ್ದರೆ ಬಣ್ಣ ಪಾರದರ್ಶಕ, ತುಂಬಿದ ಚೌಕವಿದ್ದರೆ ಕೆಳಗಿನದು ಕಾಣುವುದಿಲ್ಲ. ಬಚ್ಚಲೊಲೆಯ ಬಳಿ ಇಟ್ಟು ಬೆಚ್ಚಗೆ ಮಾಡಿದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಒಣಗಿದ ಅಕ್ರಿಲಿಕ್ ಪೊರೆ ಸೆಖೆಗೂ ಒತ್ತಡಕ್ಕೂ ಮೆತ್ತಗಾಗಿ ಇನ್ನೊಂದು ಪೊರೆಯನ್ನು ಕಂಡರೆ ಅಪ್ಪಿಕೊಳ್ಳುತ್ತದೆ. ಅದಕ್ಕೆ ನಡುವೆ ಮೇಣದ ಕಾಗದ ಇಡಬೇಕು. ಮೇಣದ ಕಾಗದ ಮನೆಯಲ್ಲಿರಲಿಲ್ಲ. ಅಮ್ಮನ ಪೌಡರ್ ಇತ್ತು. ಧಾರಾಳವಾಗಿ ಉದುರಿಸಿ ಪುಸ್ತಕ ಮುಚ್ಚಿದೆ.

ಭಾನುವಾರ ಚರ್ಚಿನಲ್ಲಿ ಅಯ್ಯನವರು ಬೇರೆ ಯಾವ ಅಧ್ಯಾಯವನ್ನಾದರೂ ಓದಿಸಬಹುದಿತ್ತು. ‘ವಿಮೋಚನಕಾಂಡ, ಹದಿನಾಲ್ಕು’ ಎಂದರು. ಹೊರಗೆ ಮಳೆ ಕ್ಷಣಕಾಲ ನಿಂತದ್ದೂ ಆಗಲೇ. ಪುಟ ತೆರೆಯಲು ನೋಡಿದೆ, ಬರಲಿಲ್ಲ. ಉಗುರು ತೂರಿಸಿ ಎಳೆದೆ. ಹೊಸ ಸೀರೆ ಹರಿದ ಸದ್ದು ಬಲಿಪೀಠದವರೆಗೂ ಕೇಳಿಸಿತು, ಜೊತೆಗೆ ಶ್ರೀಗಂಧದ ಪೌಡರಿನ ಒಂದು ಮೋಡ ಎದ್ದಿತು. ಮುಂದಿನ ಸಾಲಿನ ಹಿರಿಯರು ಸೀನಿದರು. ಮೋಶೆಗೆ ಇಬ್ಭಾಗವಾದ ಸಮುದ್ರ ನನಗೂ ಆಯಿತು, ಆದರೆ ಫರೋಹನ ಎರಡು ಕುದುರೆಗಳು ಪೊರೆಸಮೇತ ಕಿತ್ತು ಇಸ್ರಾಯೇಲ್ಯರ ಕಡೆಗೆ ದಾಟಿಬಂದಿದ್ದವು. ಅಮ್ಮ ನನ್ನ ಕಡೆ ನೋಡಲಿಲ್ಲ. ನಾನು ಯಾರ ಮಗಳೋ ಎಂಬಂತೆ ಕೀರ್ತನೆ ಪುಸ್ತಕದ ಪುಟ ತಿರುವಿದರು.

ಮಳೆ ಬಿಟ್ಟ ಮೇಲೆ ಬಣ್ಣ ಹಾಕಬಹುದಲ್ಲ ಎನ್ನುತ್ತೀರಿ. ಡಿಸೆಂಬರಿನಲ್ಲಿ ಗಾಳಿ ಒಣಗಿರುತ್ತದೆ ನಿಜ, ಕಾಫಿ ಕುಯ್ಲೂ ಆಗಲೇ. ಕೈಗೆ ಪುರುಸೊತ್ತು ಇದ್ದಾಗ ಪುಟ ಒಣಗುವುದಿಲ್ಲ, ಪುಟ ಒಣಗುವಾಗ ಕೈಗೆ ಪುರುಸೊತ್ತಿಲ್ಲ. ಆದರೂ ಕ್ರಿಸ್‌ಮಸ್‌ಗೆ ಮುಂಚೆ ಲೂಕನ ಎರಡನೆಯ ಅಧ್ಯಾಯದಲ್ಲಿ ಕುರುಬರ ರಾತ್ರಿಯನ್ನು ಬರೆದು, ಕಣದಲ್ಲಿ ಹರಡಿದ್ದ ಕಾಫಿಯ ಅಂಚಿಗೆ ಪುಸ್ತಕವನ್ನು ಬಿಸಿಲಿಗೆ ಇಟ್ಟು ಒಳಗೆ ಹೋದೆ. ಕಾಫಿ ತಿರುವಲು ಬಂದ ಕೆಲಸದ ಅಜ್ಜಿ ಲೂಕನನ್ನೂ ಕವುಚಿ ಹಾಕಿದ್ದರು. ಕೇಳಿದರೆ, ‘ಒಂದೇ ಮಗ್ಗುಲು ಒಣಗಿದರೆ ಆಗುತ್ತದೆಯೇ ಅಕ್ಕಾ?’ ಎಂದು ನನ್ನನ್ನೇ ಕೇಳಿದರು. ಎತ್ತಿ ನೋಡಿದರೆ ಬೆತ್ಲೆಹೇಮಿನ ಬೆಟ್ಟದ ತುಂಬ ಕಾಫಿ ಹಣ್ಣಿನ ಸಿಪ್ಪೆ ಅಂಟಿಕೊಂಡಿತ್ತು.

ದೊಡ್ಡಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಈ ಸಲ ಕುರಿಗಳು ಚೆನ್ನಾಗಿ ಬಂದಿವೆ ಎಂದರು.