ಉತ್ತರನ ಪೌರುಷ ಕೀಬೋರ್ಡಿನ ಮುಂದೆ

ಗದುಗಿನಲ್ಲಿ ಹುಟ್ಟಿದವನಿಗೆ ವೀರರ ವಿಷಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲವೆಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಕೋಳಿವಾಡದ ನಾರಣಪ್ಪ ನಮ್ಮೂರ ವೀರನಾರಾಯಣನ ಗುಡಿಯ ಕಂಬಕ್ಕೊರಗಿ, ಮಿಂದುಟ್ಟ ಒದ್ದೆ ಬಟ್ಟೆ ಆರುವವರೆಗೆ ಭಾರತವನ್ನು ಹಾಡುತ್ತಿದ್ದನೆಂಬ ಕಥೆಯನ್ನು ಕೇಳುತ್ತಲೇ ಬೆಳೆದವನು ನಾನು. ಹೀಗಿರುವಾಗ, ಬೇಸಿಗೆ ರಜೆಗೆ ಬಂದ ಅಕ್ಕನ ಮಗ ಲ್ಯಾಪ್‌ಟಾಪಿನಲ್ಲಿ ಡೋಟಾ 2 ಎಂಬ ಕಾಳಗದ ಆನ್‌ಲೈನ್ ಆಟ ತೆರೆದು, ಇಲ್ಲಿ ಐವರ ಎದುರು ಐವರು ಕಾದುತ್ತಾರೆಂದು ವಿವರಿಸಿದಾಗ, ಐವರ ಎದುರು ನೂರ್ವರನ್ನು ಕಂಡ ನನಗೆ ಅದು ಓಣಿಯ ಜಗಳದಂತೆ ತೋರಿತು.

ಆರಿಸಿಕೊಳ್ಳಲು ನೂರಕ್ಕೂ ಹೆಚ್ಚು ವೀರರಿದ್ದರು. ಸಿಡಿಲು ಹಿಡಿದ ಗ್ರೀಕರ ಝ್ಯೂಸ್ ನಮ್ಮ ಇಂದ್ರನ ಬೀಗನಂತೆ ಕಂಡದ್ದರಿಂದ ಅವನನ್ನೇ ಹಿಡಿದೆ. ಆರನೆಯ ಮಟ್ಟ ಮುಟ್ಟಿದ ಮೇಲೆ ದೊರೆಯುವ ಅವನ ಮಹಾಸಿಡಿಲು ಯಾವ ಮೂಲೆಯಲ್ಲಿದ್ದ ವೈರಿಯನ್ನೂ ಬಿಡದೆ ಬಡಿಯುತ್ತದೆ. ಸ್ವಲ್ಪ ಹೊತ್ತು ಕಾದರೆ ಮತ್ತೆ ಕೈಗೆ ಬರುತ್ತದೆ. ಅರ್ಜುನನಿಗೆಂದು ಕಾದಿಟ್ಟ ಇಂದ್ರದತ್ತ ಶಕ್ತಿಯನ್ನು ಘಟೋತ್ಕಚನ ಮೇಲೆ ಒಂದೇ ಸಲಕ್ಕೆ ಕಳೆದುಕೊಂಡ ಕರ್ಣ ನೆನಪಾದ. ಪಾಪ, ದ್ವಾಪರದಲ್ಲಿ ಹುಟ್ಟಿ ಕೆಟ್ಟ!

“ಮಾಮಾ, ನಿಮ್ಮ ಹೀರೋ ಭಾಳ ನಾಜೂಕ ಅದಾನ್ರಿ, ಹಿಂದ ನಿಲ್ರಿ” ಎಂದು ಅಳಿಯ ಎಚ್ಚರಿಸಿದ. ನಾನು ಮುಂದೆ ನುಗ್ಗಿದೆ. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿಗೆ ಹೊರಬರುವುದಷ್ಟೇ ಗೊತ್ತಿರಲಿಲ್ಲ. ನನಗೆ ಒಳಹೊಕ್ಕದ್ದೂ ಗೊತ್ತಾಗಲಿಲ್ಲ. ಸತ್ತ ವೀರ ಇಲ್ಲಿ ಕೆಲವು ಸೆಕೆಂಡುಗಳಲ್ಲಿ ತನ್ನ ಪಾಳೆಯದಲ್ಲಿ ಎದ್ದು ನಿಲ್ಲುತ್ತಾನೆ, ಮಟ್ಟ ಏರಿದಂತೆ ಕಾಯುವ ಹೊತ್ತೂ ಏರುತ್ತದೆ. ಏಳನೆಯ ಸಲ ಸತ್ತಾಗ, ಮಿರ್ಚಿ ಕರಿಯುತ್ತಿದ್ದ ಅವ್ವ ಒಳಗಿನಿಂದಲೇ, “ಉತ್ತರನ ಪೌರುಷ ಒಲಿ ಮುಂದ” ಎಂದಳು. ಒಲೆಯ ಮುಂದೆ ಇದ್ದವಳು ಅವಳೇ ಎಂದು ತಿರುಗಿ ಹೇಳುವ ಧೈರ್ಯ ನನಗಿರಲಿಲ್ಲ.

ಗಿರ್ಮಿಟ್ಟು, ಮಿರ್ಚಿ ಬಂದವು. ನಿಜವಾದ ಅನಾಹುತ ಆಗಲೇ ಆದದ್ದು. ಐವರೂ ವೈರಿಗಳು ಪ್ರಾಣ ಕೈಯಲ್ಲಿ ಹಿಡಿದು ಓಡುತ್ತಿದ್ದ ಗಳಿಗೆಯಲ್ಲಿ, ಮಹಾಸಿಡಿಲಿನ ಆರ್ ಕೀಲಿಯ ಸಂದಿಗೆ ಎಣ್ಣೆ ಮೆತ್ತಿದ ಚುರುಮುರಿಯೊಂದು ಇಳಿದು ಕುಳಿತು, ಎಷ್ಟು ಒತ್ತಿದರೂ ಕೀಲಿ ಕೆಳಗಿಳಿಯದಾಯಿತು. ಗುಂಡುಪಿನ್ನಿನಿಂದ ಕೆದಕತೊಡಗಿದೆ. ಹೂತ ಗಾಲಿಯನ್ನೆತ್ತುವವರೆಗೆ ತಾಳೆಂದು ಕರ್ಣನಾದರೂ ಕೇಳಿಕೊಂಡ. ಎಲ್ಲಿಯವರೋ ತಿಳಿಯದ ಈ ವೈರಿಗಳನ್ನು ನಾನು ಯಾವ ಭಾಷೆಯಲ್ಲಿ ಕೇಳಲಿ? ಹಣೆಯ ಬೆವರು ಒರೆಸಿದ ಕೈ ಕಣ್ಣಿಗೂ ತಾಗಿತು. ಮೆಣಸಿನಕಾಯಿಯ ಉರಿಗೆ ಎರಡೂ ಕಣ್ಣು ಮುಚ್ಚಿ ನಾನು ಧೃತರಾಷ್ಟ್ರನಾದೆ, ಅಳಿಯ ಸಂಜಯನಾದ. ಅವನ ವರದಿ ಚಿಕ್ಕದಾಗಿದ್ದರೂ ಧ್ವನಿ ದೊಡ್ಡದಾಗಿತ್ತು:

“ಅಯ್ಯಯ್ಯೋ, ಮಾಮಾ ಸತ್ರೂ!”

ಪಕ್ಕದ ಮನೆಯ ಅಜ್ಜಿ ಹಿಟ್ಟಿನ ಕೈಯಲ್ಲೇ ಓಡಿಬಂದು, “ಏನಾತೋ ತಮ್ಮಾ, ನಿಮ್ಮ ಮಾಮಾಗ?” ಎಂದು ಬಾಗಿಲಲ್ಲೇ ಕಂಬನಿ ತಂದುಕೊಂಡರು.

ಅಳಿಯ ತೆರೆಯಿಂದ ಕಣ್ಣು ಕೀಳದೆ, “ಏನಿಲ್ಲ ಅಜ್ಜಿ, ಇನ್ನ ನಲವತ್ತ ಸೆಕೆಂಡಿಗೆ ಎದ್ದ ಬರ್ತಾರ್ರಿ” ಎಂದ.

ಕಣ್ಣೀರು ಸುರಿಸುತ್ತ ಕುಳಿತಿದ್ದ ನನ್ನನ್ನು ಅಜ್ಜಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಗಿರ್ಮಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, “ಹಂಗಾರ ನೋಡೇ ಹೋಗತೇನಿ” ಎಂದು ಕುಳಿತರು.